ಯಾವುದರ ಸರಾಸರಿ? ಒಂದು ತಂಡಕ್ಕೆ ಸುಮ್ನೆ ಕೆಂಪು ಬಣ್ಣ ಬಿದ್ದ ಪ್ರಕರಣ

ಗ್ರಾಹಕರ ದೂರು ನೋಡಿಕೊಳ್ಳುವ ಎರಡು ತಂಡಗಳಿಗೆ ಒಂದೇ ಡ್ಯಾಶ್‌ಬೋರ್ಡ್ ಇತ್ತು. ಮೊದಲ ಪುಟದಲ್ಲೇ ದಪ್ಪ ಅಕ್ಷರದಲ್ಲಿ ಎರಡು ಅಂಕಿ. ಒಂದನೇ ತಂಡ 12.5 ನಿಮಿಷ, ಹಸಿರು. ಎರಡನೇ ತಂಡ 25.7 ನಿಮಿಷ, ಕೆಂಪು. ಮೇಲೆ ‘ಸರಾಸರಿ ಸಮಯ’ ಅನ್ನುವ ತಲೆಬರಹ. ಇದು ಒಂದು ದಿನದ ಲೆಕ್ಕ. ತಿಂಗಳಿನ ಲೆಕ್ಕ ತೆಗೆದರೂ ಚಿತ್ರ ಹೆಚ್ಚು ಕಮ್ಮಿ ಇದೇ ಇತ್ತು.

ಕೆಂಪು ಬಿದ್ದ ತಂಡದ ಮುಖ್ಯಸ್ಥೆ ಒಂದು ಬೆಳಗ್ಗೆ ನೋಟ್‌ಬುಕ್ ಹಿಡಿದುಕೊಂಡು ನನ್ನ ಮೇಜಿನ ಹತ್ತಿರ ಬಂದರು. ಸಿಟ್ಟಿನಲ್ಲಿ ಬಂದಿರಲಿಲ್ಲ, ಸೋತು ಬಂದಿದ್ದರು. ಮೂರು ತಿಂಗಳಿಂದ ಪ್ರತಿ ಮೀಟಿಂಗ್‌ನಲ್ಲೂ ‘ನಿಮ್ಮ ತಂಡ ಯಾಕೆ ಇಷ್ಟು ನಿಧಾನ’ ಅನ್ನುವ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಅವರಿಗೆ ಸಾಕಾಗಿತ್ತು.

“ಸರ್, ನಮ್ಮವರು ನಿಧಾನ ಅಲ್ಲ. ನಿನ್ನೆ ಒಂದೊಂದು ಟಿಕೆಟ್‌ಗೂ ಎಷ್ಟು ಹೊತ್ತು ಹಿಡಿಯಿತು ಅಂತ ನಾನೇ ಕೂತು ಬರೆದಿದ್ದೇನೆ. ನೀವೇ ನೋಡಿ.”

ಪುಟದಲ್ಲಿ ಐದು ಸಾಲು, ಒಂದೊಂದು ಟಿಕೆಟ್‌ಗೆ (ಅಂದರೆ ಒಂದೊಂದು ದೂರಿಗೆ) ಒಂದು. 30, 40, 35, 35, 40. ಕೆಳಗೆ ಗೆರೆ ಎಳೆದು 180. ಅದರ ಪಕ್ಕದಲ್ಲಿ 36 ಬರೆದು ಸುತ್ತ ಒಂದು ವೃತ್ತ ಹಾಕಿದ್ದರು.

ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಇದು: ಅವರ ಅಂಕಿ ಡ್ಯಾಶ್‌ಬೋರ್ಡ್‌ಗಿಂತ ಜಾಸ್ತಿ ಇದೆ! ತಮ್ಮ ತಂಡ ಚುರುಕಾಗಿದೆ ಅಂತ ತೋರಿಸಲು ಬಂದವರು ಇನ್ನೂ ದೊಡ್ಡ ಸಮಯವನ್ನೇ ತಂದಿದ್ದರು. ಸುಳ್ಳು ಹೇಳುವವರು ಯಾರೂ ಹಾಗೆ ಮಾಡುವುದಿಲ್ಲ, ಅಲ್ವಾ? ಹಾಗಾದರೆ 25.7 ಎಲ್ಲಿಂದ ಬಂತು, ಅದು ಯಾವುದರ ಸರಾಸರಿ ಅಂತ ಹುಡುಕಲು ಶುರು ಮಾಡಿದೆ.

ಚಾರ್ಟ್ ಮುಚ್ಚಿ ಅದರ ಹಿಂದಿನ ಟೇಬಲ್ ತೆರೆದೆ. ಒಂದೊಂದು ಸಾಲು ಅಂದರೆ ಒಂದು ಟಿಕೆಟ್ ಅಲ್ಲ, ಒಂದು ಎಂಟ್ರಿ. ಟಿಕೆಟ್ ಮೇಲೆ ಯಾರಾದರೂ ಕೂತು ಕೆಲಸ ಮಾಡಿ ಎದ್ದಾಗ ಎಷ್ಟು ನಿಮಿಷ ಅಂತ ಒಂದು ಎಂಟ್ರಿ ಬೀಳುತ್ತದೆ. ಒಂದು ಟಿಕೆಟ್‌ಗೆ ಒಂದೇ ಎಂಟ್ರಿ ಇರಬಹುದು, ಐದೂ ಇರಬಹುದು. ಆ ದಿನದ ಎಂಟ್ರಿಗಳು ಹೀಗಿದ್ದವು:

ಒಂದನೇ ತಂಡ
ಟಿಕೆಟ್ 101: 10, 10, 10, 10, 20 (ಒಟ್ಟು 60)
ಟಿಕೆಟ್ 102: 15, 15, 10 (ಒಟ್ಟು 40)
ಟಿಕೆಟ್ 103: 20, 10, 20 (ಒಟ್ಟು 50)
ಟಿಕೆಟ್ 104: 10, 10, 10, 10, 10 (ಒಟ್ಟು 50)

ಎರಡನೇ ತಂಡ
ಟಿಕೆಟ್ 201: 30
ಟಿಕೆಟ್ 202: 25, 15 (ಒಟ್ಟು 40)
ಟಿಕೆಟ್ 203: 35
ಟಿಕೆಟ್ 204: 20, 15 (ಒಟ್ಟು 35)
ಟಿಕೆಟ್ 205: 40

ಇಷ್ಟು ನೋಡಿದ ಮೇಲೆ ಹೆಚ್ಚು ಹೇಳಬೇಕಾಗಿಲ್ಲ. ಒಂದನೇ ತಂಡದವರು ಫೋನ್ ಇಟ್ಟಾಗಲೆಲ್ಲ ಒಂದು ಎಂಟ್ರಿ ಹಾಕುತ್ತಿದ್ದರು. ಎರಡನೇ ತಂಡದವರು ಹೆಚ್ಚಾಗಿ ಕೆಲಸ ಮುಗಿಸಿ ಒಟ್ಟಿಗೆ ಬರೆಯುತ್ತಿದ್ದರು. ಡ್ಯಾಶ್‌ಬೋರ್ಡ್‌ನಲ್ಲಿದ್ದ ಫಾರ್ಮುಲಾ ಇಷ್ಟೇ (ಓದಲು ಸಲೀಸಾಗಲಿ ಅಂತ ಫಂಕ್ಷನ್‌ಗಳ ಹೆಸರನ್ನೂ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ):

ಆವರೇಜ್(ನಿಮಿಷ)

ಅದಕ್ಕೆ ಟಿಕೆಟ್ ಅಂದರೆ ಏನೂ ಗೊತ್ತಿಲ್ಲ. ಸಾಲುಗಳನ್ನು ಕೂಡಿಸಿ ಸಾಲುಗಳ ಸಂಖ್ಯೆಯಿಂದ ಭಾಗಿಸಿತು. ಒಂದನೇ ತಂಡಕ್ಕೆ 200 ಭಾಗಿಸು 16, ಅಂದರೆ 12.5. ಎರಡನೇ ತಂಡಕ್ಕೆ 180 ಭಾಗಿಸು 7, ಅಂದರೆ 25.7. ಟಿಕೆಟ್ ಲೆಕ್ಕದಲ್ಲಿ ಹೋದರೆ ಒಂದನೇ ತಂಡ 50, ಎರಡನೇ ತಂಡ 36. ಪೂರ್ತಿ ತಲೆಕೆಳಗು! ಚುರುಕಾದ ತಂಡ ಮೂರು ತಿಂಗಳು ಬೈಸಿಕೊಂಡಿದೆ. ಇದರಲ್ಲಿ ಒಂದನೇ ತಂಡದ ತಪ್ಪೂ ಇಲ್ಲ, ಅವರಿಗೆ ಹಾಗೆ ಎಂಟ್ರಿ ಹಾಕಿ ಅಂತ ಹೇಳಿಕೊಟ್ಟಿದ್ದರು, ಅವರು ಹಾಗೇ ಹಾಕಿದರು.

ನಾವು ಬಳಸುತ್ತಿದ್ದದ್ದು ಕ್ಲಿಕ್ ಸೆನ್ಸ್ ಅನ್ನುವ ಡ್ಯಾಶ್‌ಬೋರ್ಡ್ ಸಾಫ್ಟ್‌ವೇರ್. ಫಾರ್ಮುಲಾ ಬರೆದವರು ನಮ್ಮಲ್ಲೇ ಒಬ್ಬರು, ಅವರು ಈಗ ಬೇರೆ ವಿಭಾಗದಲ್ಲಿದ್ದಾರೆ. ಸರಿ ಮಾಡೋಣ ಅಂತ ಕೂತಾಗ ಯಾರಿಗಾದರೂ ಮೊದಲು ಹೊಳೆಯುವುದು ಇದು: ಟಿಕೆಟ್‌ನ ನಿಮಿಷ ಕೂಡಿಸಬೇಕು, ಆಮೇಲೆ ಸರಾಸರಿ ತೆಗೆಯಬೇಕು.

ಆವರೇಜ್(ಸಮ್(ನಿಮಿಷ))

ಬರೆದ ಕೂಡಲೇ ‘ನೆಸ್ಟೆಡ್ ಅಗ್ರಿಗೇಷನ್ ನಾಟ್ ಅಲೋಡ್’ ಅಂತ ಬಂತು. ಒಂದು ಲೆಕ್ಕದ ಒಳಗೆ ಇನ್ನೊಂದು ಲೆಕ್ಕ ಇಡಬೇಡ ಅಂತ ಅರ್ಥ. ಹೊಸಬರು ಇಲ್ಲೇ ಬೇಜಾರಾಗಿ ಬಿಟ್ಟುಬಿಡುತ್ತಾರೆ, ಅಥವಾ ಮತ್ತೆ ಆವರೇಜ್(ನಿಮಿಷ) ಬರೆದು ಮುಂದಕ್ಕೆ ಹೋಗುತ್ತಾರೆ. ನನಗೆ ಮಾತ್ರ ಈ ಮೆಸೇಜ್ ಮೇಲೆ ಗೌರವ ಇದೆ. ಅದು ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದೆ. ಸಮ್(ನಿಮಿಷ) ಅಂದರೆ ಯಾವುದರ ಮೊತ್ತ? ಟಿಕೆಟ್‌ದಾ, ತಂಡದ್ದಾ, ದಿನದ್ದಾ? ನಾವು ಹೇಳಿಲ್ಲ. ಹೇಳದೇ ಇದ್ದರೆ ಎರಡನೇ ತಂಡಕ್ಕೆ ಅದು 180 ಅನ್ನುವ ಒಂದೇ ಅಂಕಿ. ಒಂದೇ ಅಂಕಿಯ ಸರಾಸರಿ ತೆಗೆಯುವುದಕ್ಕೆ ಅರ್ಥವೇ ಇಲ್ಲ.

ಡೇಟಾಬೇಸ್‌ಗಳೂ ಇದನ್ನೇ ಹೇಳುತ್ತವೆ. ಪೋಸ್ಟ್‌ಗ್ರೆಸ್ ಆಗಲಿ, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಆಗಲಿ, ಒಂದು ಅಗ್ರಿಗೇಟ್ (ಹಲವು ಸಾಲು ಸೇರಿಸಿ ಒಂದು ಅಂಕಿ ಕೊಡುವ ಲೆಕ್ಕ) ಒಳಗೆ ನೇರವಾಗಿ ಇನ್ನೊಂದು ಅಗ್ರಿಗೇಟ್ ಬರೆದರೆ ಒಪ್ಪುವುದಿಲ್ಲ. ಒರಾಕಲ್‌ನಲ್ಲಿ ಗ್ರೂಪ್ ಬೈ (ಸಾಲುಗಳನ್ನು ಯಾವುದರ ಪ್ರಕಾರ ಗುಂಪು ಮಾಡಬೇಕು ಅನ್ನುವ ಸೂಚನೆ) ಜೊತೆಗಿದ್ದರೆ ಎರಡು ಹಂತದವರೆಗೆ ಬಿಡುತ್ತದೆ, ಅದಕ್ಕಿಂತ ಆಳಕ್ಕೆ ಹೋದರೆ ಅಲ್ಲೂ ಎರರ್. ಬಿಟ್ಟದ್ದೂ ಯಾಕೆ ಅಂದರೆ, ಒಳಗಿನ ಲೆಕ್ಕ ಯಾವುದರ ಮಟ್ಟದಲ್ಲಿ ಆಗಬೇಕು ಅಂತ ಗ್ರೂಪ್ ಬೈ ಮೊದಲೇ ಹೇಳಿರುತ್ತದೆ. ಬೇರೆ ಕಡೆ ಒಳಗಿನ ಲೆಕ್ಕವನ್ನು ಸಬ್‌ಕ್ವೆರಿಯಲ್ಲಿ, ಅಂದರೆ ಒಂದು ಪ್ರಶ್ನೆಯೊಳಗಿನ ಇನ್ನೊಂದು ಪ್ರಶ್ನೆಯಲ್ಲಿ, ಬರೆದು, ಅದರ ಫಲಿತಾಂಶವನ್ನೇ ಒಂದು ಟೇಬಲ್ ಅಂದುಕೊಂಡು ಮೇಲೆ ಸರಾಸರಿ ತೆಗೆಯುತ್ತೇವೆ.

ಕ್ಲಿಕ್‌ನಲ್ಲಿ ಆ ಸಬ್‌ಕ್ವೆರಿಯ ಕೆಲಸ ಮಾಡುವುದು ಅಗ್ರ್ ಫಂಕ್ಷನ್.

ಆವರೇಜ್(ಅಗ್ರ್(ಸಮ್(ನಿಮಿಷ), ಟಿಕೆಟ್))

ಇದನ್ನು ಒಳಗಿನಿಂದ ಹೊರಕ್ಕೆ ಓದಬೇಕು. ಮೊದಲು ಒಂದೊಂದು ಟಿಕೆಟ್‌ಗೂ ನಿಮಿಷ ಕೂಡಿಸು. ಒಂಬತ್ತು ಟಿಕೆಟ್‌ಗೆ ಒಂಬತ್ತು ಸಾಲಿನ ಒಂದು ಚಿಕ್ಕ ಟೇಬಲ್ ಆಗುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ, ಮೆಮೊರಿಯಲ್ಲಿ ಇರುತ್ತದೆ. ಆಮೇಲೆ ಆ ಒಂಬತ್ತು ಅಂಕಿಗಳನ್ನು ತಂಡದ ಪ್ರಕಾರ ಬೇರೆ ಮಾಡಿ ಸರಾಸರಿ ತೆಗೆ. ಆ ಮುಖ್ಯಸ್ಥೆಯ ನೋಟ್‌ಬುಕ್ ಪುಟ ಇದೆಯಲ್ಲ, ಅದೇ ಅಗ್ರ್. ಅವರು ಕೈಯಲ್ಲಿ ಬರೆದ ಐದು ಸಾಲು ಒಳಗಿನ ಲೆಕ್ಕ, ಕೊನೆಗೆ ವೃತ್ತ ಹಾಕಿದ 36 ಹೊರಗಿನ ಲೆಕ್ಕ. ನಾನು ಈಗ ಯಾರಿಗೆ ಅಗ್ರ್ ಹೇಳಿಕೊಟ್ಟರೂ ಮೊದಲು ಆ ಚಿಕ್ಕ ಟೇಬಲ್ ಅನ್ನು ಹಾಳೆ ಮೇಲೆ ಬರೆಯಿರಿ ಅನ್ನುತ್ತೇನೆ. ಬರೆಯಲು ಆಗಲಿಲ್ಲ ಅಂದರೆ ಫಾರ್ಮುಲಾ ಬರೆಯುವ ಹೊತ್ತು ಇನ್ನೂ ಬಂದಿಲ್ಲ.

ಅಗ್ರ್‌ಗೆ ಕೊಡುವ ಡೈಮೆನ್ಷನ್ (ಯಾವುದರ ಪ್ರಕಾರ ಲೆಕ್ಕ ಅನ್ನುವುದು, ಇಲ್ಲಿ ಟಿಕೆಟ್) ಒಂದು ಫೀಲ್ಡ್, ಅಂದರೆ ಟೇಬಲ್‌ನ ಒಂದು ಕಾಲಮ್ ಆಗಿರಬೇಕು, ಅಲ್ಲೇ ಲೆಕ್ಕ ಹಾಕಿ ಮಾಡಿದ ಡೈಮೆನ್ಷನ್ ನಡೆಯುವುದಿಲ್ಲ. ಬೇಕಿದ್ದರೆ ಅದನ್ನು ಲೋಡ್ ಸ್ಕ್ರಿಪ್ಟ್‌ನಲ್ಲೇ (ಡೇಟಾವನ್ನು ಕ್ಲಿಕ್ ಒಳಗೆ ತರುವ ಕೋಡ್) ಫೀಲ್ಡ್ ಮಾಡಿಟ್ಟುಕೊಳ್ಳಬೇಕು. ಇನ್ನೊಂದು ವಿಷಯ, ಒಳಗಿನ ಫಂಕ್ಷನ್‌ನಲ್ಲಿ ಟೋಟಲ್ ಅನ್ನುವ ಪದ ಹಾಕಿದರೆ ಅಗ್ರ್ ಇಲ್ಲದೆಯೂ ನೆಸ್ಟಿಂಗ್ ನಡೆಯುತ್ತದೆ, ಆದರೆ ಅದು ಒಟ್ಟಾರೆಯ ಅಂಕಿಯ ಎದುರು ಒಂದೊಂದು ಸಾಲಿನ ಪಾಲು ನೋಡುವಂಥ ಲೆಕ್ಕಕ್ಕೆ. ನಮ್ಮ ಕೆಲಸಕ್ಕೆ ಬರುವಂಥದ್ದಲ್ಲ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಬರೀ ಸರಾಸರಿಗೆ ಅಗ್ರ್ ಬೇಕಾಗಿಯೇ ಇರಲಿಲ್ಲ. ಸಮ್(ನಿಮಿಷ) ತೆಗೆದು, ಬೇರೆ ಬೇರೆ ಟಿಕೆಟ್ ಎಷ್ಟಿವೆ ಅಂತ ಡಿಸ್ಟಿಂಕ್ಟ್ ಕೌಂಟ್ ಹಾಕಿ ಭಾಗಿಸಿದರೆ ಅದೇ 50, ಅದೇ 36 ಬರುತ್ತದೆ. ಓದಲೂ ಸುಲಭ. ನನ್ನ ಅಭಿಪ್ರಾಯದಲ್ಲಿ ಹೀಗೆ ಮಾಡಲು ಆಗುವಾಗ ಹೀಗೇ ಮಾಡಬೇಕು. ನೆಸ್ಟಿಂಗ್ ಕಲಿತ ಹೊಸದರಲ್ಲಿ ಎಲ್ಲದಕ್ಕೂ ಅದನ್ನೇ ಹಾಕುವವರನ್ನು ತುಂಬಾ ನೋಡಿದ್ದೇನೆ, ಆಮೇಲೆ ಆ ಫಾರ್ಮುಲಾ ಬಿಡಿಸುವವರ ಪಾಡು ಕಷ್ಟ.

ಆದರೆ ಅದೇ ಪುಟದಲ್ಲಿ ಇನ್ನೂ ಮೂರು ಅಂಕಿ ಇದ್ದವು: ಮೀಡಿಯನ್ ಸಮಯ (ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ನಡುವೆ ಬರುವ ಅಂಕಿ), ಅತಿ ಹೆಚ್ಚು ಸಮಯ, 45 ನಿಮಿಷ ದಾಟಿದ ಟಿಕೆಟ್‌ಗಳು. ಇವು ಯಾವುದೂ ಭಾಗಾಕಾರಕ್ಕೆ ಬಗ್ಗುವುದಿಲ್ಲ. ಟಿಕೆಟ್‌ಗಳ ಮೊತ್ತ ಕೈಗೆ ಸಿಗದೆ ಅದರ ಮೀಡಿಯನ್ ಹುಡುಕುವುದು ಹೇಗೆ? ಹಳೆಯ ಫಾರ್ಮುಲಾ ಎಂಟ್ರಿಗಳ ಮೀಡಿಯನ್ ತೋರಿಸುತ್ತಿತ್ತು, ಒಂದನೇ ತಂಡಕ್ಕೆ 10, ಎರಡನೇ ತಂಡಕ್ಕೆ 25. ಟಿಕೆಟ್‌ಗಳ ಮೀಡಿಯನ್ 50 ಮತ್ತು 35. ಅತಿ ಹೆಚ್ಚು ಸಮಯ ಹಳೆಯದರಲ್ಲಿ 20 ಮತ್ತು 40, ಸರಿಯಾದದ್ದು 60 ಮತ್ತು 40.

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರವಾದದ್ದು 45 ನಿಮಿಷದ ಅಂಕಿ ನೋಡಿ. ಗ್ರಾಹಕರಿಗೆ ಕೊಟ್ಟ ಮಾತು ಅದು, 45 ನಿಮಿಷದ ಕೆಲಸದೊಳಗೆ ದೂರು ಬಗೆಹರಿಸುತ್ತೇವೆ ಅಂತ. ಡ್ಯಾಶ್‌ಬೋರ್ಡ್ ಹೆಚ್ಚಿನ ದಿನ ಎರಡೂ ತಂಡಕ್ಕೆ ಸೊನ್ನೆ ತೋರಿಸುತ್ತಿತ್ತು, ಎಲ್ಲರೂ ನೆಮ್ಮದಿಯಾಗಿದ್ದರು. ಯಾಕೆ ಸೊನ್ನೆ ಅಂದರೆ ಫಾರ್ಮುಲಾ 45ಕ್ಕಿಂತ ದೊಡ್ಡ ಎಂಟ್ರಿ ಇರುವ ಟಿಕೆಟ್‌ಗಳನ್ನು ಎಣಿಸುತ್ತಿತ್ತು. ಒಂದೇ ಕೂರುವಿಕೆಯಲ್ಲಿ 45 ನಿಮಿಷ ದಾಟುವುದು ಅಪರೂಪ. 101ನೇ ಟಿಕೆಟ್‌ಗೆ ಐದು ಸಲ ಕೂತು 60 ನಿಮಿಷ ಆಗಿದೆ, ಆ ಗ್ರಾಹಕರು ಅಷ್ಟು ಸಲ ಫೋನ್ ಎತ್ತಿದ್ದಾರೆ, ಲೆಕ್ಕದಲ್ಲಿ ಮಾತ್ರ ಅವರು ಇಲ್ಲವೇ ಇಲ್ಲ. ಸರಿ ಮಾಡಿದ ಫಾರ್ಮುಲಾ:

ಸಮ್(ಅಗ್ರ್(ಇಫ್(ಸಮ್(ನಿಮಿಷ) > 45, 1, 0), ಟಿಕೆಟ್))

ಟಿಕೆಟ್‌ಗೆ ಕೂಡಿಸು, 45 ದಾಟಿದರೆ 1 ಇಲ್ಲದಿದ್ದರೆ 0, ಆಮೇಲೆ ಆ ಒಂದುಗಳನ್ನು ಕೂಡಿಸು. ಒಂದನೇ ತಂಡದಲ್ಲಿ ನಾಲ್ಕರಲ್ಲಿ 3 ಟಿಕೆಟ್ ದಾಟಿವೆ. ಎರಡನೇ ತಂಡದಲ್ಲಿ ಐದರಲ್ಲಿ ಒಂದೂ ಇಲ್ಲ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡು ಮುಖ್ಯಸ್ಥೆಯನ್ನು ಕರೆದು ತೋರಿಸಿದೆ. ಅವರು 36 ನೋಡಿದರು, ಏನೂ ಮಾತಾಡದೆ ಸ್ವಲ್ಪ ಹೊತ್ತು ಹಾಗೇ ನೋಡುತ್ತಾ ನಿಂತರು. ಆಮೇಲೆ ಬೆರಳನ್ನು ಕೆಳಗಿನ ಟೋಟಲ್ ಸಾಲಿಗೆ ತಂದರು. “ಇಲ್ಲಿ 43 ಅಂತ ಇದೆಯಲ್ಲ ಸರ್. ನಿಮ್ಮ ಲೆಕ್ಕದಲ್ಲೇ ಒಟ್ಟು 380 ನಿಮಿಷ, ಒಂಬತ್ತು ಟಿಕೆಟ್. 42.2 ಆಗಬೇಕಲ್ವಾ?”

ಆಗಬೇಕು. ಟೇಬಲ್‌ನ ಪ್ರಾಪರ್ಟೀಸ್‌ನಲ್ಲಿ ಆ ಮೆಷರ್‌ನ (ಫಾರ್ಮುಲಾದಿಂದ ಬರುವ ಅಂಕಿಯ) ಟೋಟಲ್ ಅನ್ನು ಯಾರೋ ಆವರೇಜ್ ಅಂತ ಇಟ್ಟಿದ್ದರು. ಹಾಗಾಗಿ ಅದು 50 ಮತ್ತು 36ರ ಸರಾಸರಿ ತೆಗೆದು 43 ಅಂದಿತು. ನಾಲ್ಕು ಟಿಕೆಟ್‌ನ ತಂಡಕ್ಕೂ ಐದು ಟಿಕೆಟ್‌ನ ತಂಡಕ್ಕೂ ಒಂದೇ ತೂಕ. ಸರಾಸರಿಗಳ ಸರಾಸರಿ ಅನ್ನುವುದು ಇದನ್ನೇ. ಆಟೋ ಅಂತ ಬದಲಿಸಿದರೆ ಫಾರ್ಮುಲಾ ಎಲ್ಲ ಟಿಕೆಟ್‌ಗಳ ಮೇಲೆ ಹೊಸದಾಗಿ ನಡೆದು 42.2 ಕೊಡುತ್ತದೆ. ಇಲ್ಲಿ ವ್ಯತ್ಯಾಸ ಚಿಕ್ಕದು, ಆದರೆ ಒಂದು ತಂಡಕ್ಕೆ ನೂರು ಟಿಕೆಟ್, ಇನ್ನೊಂದಕ್ಕೆ ಎರಡು ಇದ್ದ ದಿನ ಯೋಚನೆ ಮಾಡಿ. ತಂಡಗಳಿಗೆ ಸಮಾನ ತೂಕ ಕೊಟ್ಟೇ ನೋಡಬೇಕು ಅನ್ನುವ ಸಂದರ್ಭವೂ ಇರುತ್ತದೆ, ಅದು ತಪ್ಪಲ್ಲ. ಆದರೆ ಬೇಕು ಅಂತ ಮಾಡಿರಬೇಕು, ಮೆನುವಿನಲ್ಲಿ ಹೇಗೋ ಬಿದ್ದುಹೋಗಿ ಆಗಿರಬಾರದು.

ಮಾರನೇ ದಿನದ ಡೇಟಾ ಬಂದಾಗ ನಿಜವಾದ ತಲೆನೋವು ಶುರುವಾಯಿತು. ಟಿಕೆಟ್ 301. ಇದು ಮೊದಲು ಒಂದನೇ ತಂಡಕ್ಕೆ ಹೋಗಿ, 20 ಮತ್ತು 10 ನಿಮಿಷದ ಎರಡು ಎಂಟ್ರಿ ಆಗಿ, ನಮ್ಮ ಕೈಲಿ ಆಗುವಂಥದ್ದಲ್ಲ ಅಂತ ಎರಡನೇ ತಂಡಕ್ಕೆ ದಾಟಿತ್ತು. ಅಲ್ಲಿ 25 ನಿಮಿಷದಲ್ಲಿ ಮುಗಿಯಿತು. ಒಟ್ಟು 55. ಲೆಕ್ಕ ಕಣ್ಣಿಗೆ ಸುಲಭವಾಗಿ ಕಾಣಲಿ ಅಂತ ಇದನ್ನು ಹಿಂದಿನ ದಿನದ ಒಂಬತ್ತು ಟಿಕೆಟ್‌ಗೇ ಸೇರಿಸಿ ಹೇಳುತ್ತೇನೆ.

ಚಾರ್ಟ್‌ನ ಡೈಮೆನ್ಷನ್ ತಂಡ. ನನ್ನ ಅಗ್ರ್ ಒಳಗಿನ ಡೈಮೆನ್ಷನ್ ಟಿಕೆಟ್ ಮಾತ್ರ. ಅಗ್ರ್‌ನ ಚಿಕ್ಕ ಟೇಬಲ್‌ನಲ್ಲಿ 301ಕ್ಕೆ ಒಂದೇ ಸಾಲು, 55 ಅಂತ. ಆ ಸಾಲನ್ನು ತಂಡಗಳಿಗೆ ಹಂಚುವಾಗ ಅದು ಎರಡರಲ್ಲಿ ಒಂದು ತಂಡಕ್ಕೆ ಮಾತ್ರ ಹೋಗಿ ಕೂರುತ್ತದೆ, ಯಾಕೆಂದರೆ ಅಗ್ರ್ ಚಾರ್ಟ್‌ನ ಒಂದೊಂದು ಕಂಬಕ್ಕೂ ಬೇರೆ ಬೇರೆ ನಡೆಯುವುದಿಲ್ಲ, ತನ್ನ ಡೈಮೆನ್ಷನ್ ಪ್ರಕಾರ ಒಂದೇ ಸಲ ನಡೆದು ಆಮೇಲೆ ಹಂಚಿಕೆಯಾಗುತ್ತದೆ. ನಮ್ಮಲ್ಲಿ ಅದು ಒಂದನೇ ತಂಡಕ್ಕೆ ಹೋಗಿ ಅವರ ಸರಾಸರಿ 51 ಆಯಿತು. ಎರಡನೇ ತಂಡ 36ರಲ್ಲೇ ನಿಂತಿತು, ಅವರು ಮಾಡಿದ 25 ನಿಮಿಷದ ಕೆಲಸ ಅವರ ಖಾತೆಯಲ್ಲೇ ಇಲ್ಲ. ಎರರ್ ಇಲ್ಲ, ಖಾಲಿ ಜಾಗ ಇಲ್ಲ, ಅಂಕಿ ನೋಡಿದರೆ ಸರಿ ಇದ್ದ ಹಾಗೇ ಕಾಣುತ್ತದೆ. ಎರರ್ ಬಂದರೆ ನಾವು ಎಚ್ಚರವಾಗುತ್ತೇವೆ. ಹೀಗೆ ಸದ್ದಿಲ್ಲದೆ ಬಂದ ತಪ್ಪು ಅಂಕಿ ತಿಂಗಳುಗಟ್ಟಲೆ ಉಳಿದುಬಿಡುತ್ತದೆ.

ಅಗ್ರ್ ಒಳಗೆ ನಾಡಿಸ್ಟಿಂಕ್ಟ್ ಅನ್ನುವ ಪದ ಹಾಕಿ ನೋಡಿ ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ಹಾಕಿದರೆ 55 ಅನ್ನುವುದು ಎಂಟ್ರಿಗಳ ಮೂರೂ ಸಾಲಿಗೆ ಅಂಟಿಕೊಳ್ಳುತ್ತದೆ, ಹೊರಗಿನ ಆವರೇಜ್ ಮತ್ತೆ ಎಂಟ್ರಿಗಳ ತೂಕಕ್ಕೆ ಸಿಕ್ಕಿಬೀಳುತ್ತದೆ. ಬಿಟ್ಟುಬಿಟ್ಟೆವು. ತಂಡದ ಚಾರ್ಟ್‌ಗೆ ತಂಡವನ್ನೂ ಅಗ್ರ್ ಒಳಗೆ ಸೇರಿಸುವುದೇ ದಾರಿ:

ಆವರೇಜ್(ಅಗ್ರ್(ಸಮ್(ನಿಮಿಷ), ಟಿಕೆಟ್, ತಂಡ))

ಈಗ 301ಕ್ಕೆ ಎರಡು ಸಾಲು, ಒಂದನೇ ತಂಡದ 30, ಎರಡನೇ ತಂಡದ 25. ಸರಾಸರಿ 46 ಮತ್ತು 34.2. ತಂಡಗಳಿಗೆ ನ್ಯಾಯ ಸಿಕ್ಕಿತು. ಆದರೆ ಇದೇ ಫಾರ್ಮುಲಾವನ್ನು ಮೇಲಿನ ಒಟ್ಟು ಅಂಕಿಗೂ ಹಾಕಿದರೆ? 435 ನಿಮಿಷವನ್ನು 11 ತುಂಡುಗಳಿಂದ ಭಾಗಿಸಿ 39.5 ಬರುತ್ತದೆ. ಟಿಕೆಟ್ ಇರುವುದು ಹತ್ತು, ಬರಬೇಕಾದ್ದು 43.5. ಇನ್ನೂ ಕೆಟ್ಟದ್ದು 45 ನಿಮಿಷದ ಲೆಕ್ಕ. 301 ತುಂಡಾಗಿ 30 ಮತ್ತು 25 ಆದ ಮೇಲೆ ಎರಡೂ 45ರ ಒಳಗೇ ಇವೆ, 55 ನಿಮಿಷ ಹಿಡಿದ ಟಿಕೆಟ್ ತಡವಾದದ್ದರ ಪಟ್ಟಿಯಿಂದಲೇ ಜಾರಿಹೋಯಿತು. ಎರಡು ತಂಡ ಕೈ ಬದಲಾಯಿಸಿದ ದೂರು ಅಂದರೆ ಗ್ರಾಹಕರು ಹೆಚ್ಚು ಒದ್ದಾಡಿದ ದೂರು. ಅದೇ ಮಾಯವಾದರೆ ಆ ಪಟ್ಟಿ ಇದ್ದೇನು ಪ್ರಯೋಜನ?

ಈ ವಿಷಯದಲ್ಲಿ ಎರಡು ತಂಡದ ಮುಖ್ಯಸ್ಥರನ್ನೂ ಕೂರಿಸಿಕೊಂಡು ಒಂದು ಗಂಟೆ ಮಾತಾಡಿದೆವು. ಫಾರ್ಮುಲಾ ಬಗ್ಗೆ ಮಾತೇ ಬರಲಿಲ್ಲ. ಗ್ರಾಹಕರ ಕಡೆಯಿಂದ ನೋಡುವ ಅಂಕಿ ಯಾವುದು, ತಂಡದ ಕಡೆಯಿಂದ ನೋಡುವ ಅಂಕಿ ಯಾವುದು ಅಂತ ಮಾತ್ರ. ಗ್ರಾಹಕರಿಗೆ ಎಷ್ಟು ಹೊತ್ತಾಯಿತು ಅನ್ನುವುದಕ್ಕೆ ಟಿಕೆಟ್ ಮಟ್ಟ. ತಂಡ ಎಷ್ಟು ಹೊತ್ತು ಕೆಲಸ ಮಾಡಿತು ಅನ್ನುವುದಕ್ಕೆ ಟಿಕೆಟ್ ಮತ್ತು ತಂಡದ ಮಟ್ಟ. 45 ದಾಟಿದ್ದು ಯಾವಾಗಲೂ ಟಿಕೆಟ್ ಮಟ್ಟದಲ್ಲೇ, ತಂಡಗಳಿಗೆ ಹಂಚುವುದೇ ಇಲ್ಲ. ಹಾಗೆ ನೋಡಿದರೆ ಹತ್ತು ಟಿಕೆಟ್‌ನಲ್ಲಿ 4 ದಾಟಿವೆ. ಹೀಗೆ ತೀರ್ಮಾನ ಆದ ಮೇಲೆ ಫಾರ್ಮುಲಾ ಬರೆಯಲು ಐದು ನಿಮಿಷವೂ ಬೇಕಾಗಲಿಲ್ಲ.

ಇನ್ನು ಫಿಲ್ಟರ್‌ಗಳು. ಒಂದು ಟಿಕೆಟ್ ತಿಂಗಳ ಕೊನೆಯ ದಿನ ಶುರುವಾಗಿ 40 ನಿಮಿಷ ಹಿಡಿದು, ಮುಂದಿನ ತಿಂಗಳ ಒಂದನೇ ತಾರೀಖು ಇನ್ನೂ 20 ನಿಮಿಷ ಹಿಡಿದಿದೆ ಅಂದುಕೊಳ್ಳಿ. ಪುಟದ ಮೇಲಿನ ಫಿಲ್ಟರ್ ಎಂಟ್ರಿಯ ತಿಂಗಳ ಮೇಲಿದ್ದರೆ ಒಂದು ತಿಂಗಳಲ್ಲಿ 40, ಇನ್ನೊಂದರಲ್ಲಿ 20. ಎರಡರಲ್ಲೂ 45 ದಾಟಿಲ್ಲ! ಒಳಗಿನ ಸಮ್ ಫಿಲ್ಟರ್ ಬಿಟ್ಟುಕೊಟ್ಟ ಸಾಲುಗಳನ್ನಷ್ಟೇ ಕೂಡಿಸುತ್ತದೆ, ಉಳಿದ ಅರ್ಧ ಟಿಕೆಟ್ ಅದಕ್ಕೆ ಕಾಣುವುದೇ ಇಲ್ಲ. ನಾವು ಟಿಕೆಟ್ ಮುಗಿದ ತಿಂಗಳು ಅನ್ನುವ ಫೀಲ್ಡ್ ಒಂದನ್ನು ಲೋಡ್ ಸ್ಕ್ರಿಪ್ಟ್‌ನಲ್ಲಿ ಮಾಡಿ, ಫಿಲ್ಟರ್ ಅನ್ನು ಅದರ ಮೇಲೆ ಹಾಕಿದೆವು. ಈಗ ಟಿಕೆಟ್ ಬಂದರೆ ಇಡಿಯಾಗಿ ಬರುತ್ತದೆ, ಇಲ್ಲದಿದ್ದರೆ ಇಡಿಯಾಗಿ ಹೊರಗೆ.

ಅದೇ ಪುಟದಲ್ಲಿ ಹಿಂದಿನ ತಿಂಗಳ ಜೊತೆ ಹೋಲಿಸುವ ಒಂದು ಅಂಕಿ ಇತ್ತು. ಅದಕ್ಕೆ ಸೆಟ್ ಅನಾಲಿಸಿಸ್ (ಯಾವ ಸಾಲುಗಳು ಬೇಕು ಅಂತ ಫಾರ್ಮುಲಾ ಒಳಗೇ ಹೇಳುವ ವಿಧಾನ) ಬಳಸಿ, ಹೊರಗಿನ ಆವರೇಜ್ ಒಳಗೆ ಹಿಂದಿನ ತಿಂಗಳ ಸೆಟ್ ಹಾಕಿದೆ. ಅಂಕಿಯ ಜಾಗದಲ್ಲಿ ಬರೀ ಒಂದು ಅಡ್ಡಗೆರೆ ಬಂತು. ಹೊರಗೆ ಹಾಕಿದ ಸೆಟ್ ಒಳಗಿನ ಸಮ್‌ಗೆ ತಾನಾಗಿ ಇಳಿಯುವುದಿಲ್ಲ. ಒಳಗಿನದು ಈ ತಿಂಗಳ ಟಿಕೆಟ್ ಕೂಡಿಸಿ ಕೊಡುತ್ತಿತ್ತು, ಹೊರಗಿನದು ಹಿಂದಿನ ತಿಂಗಳ ಟಿಕೆಟ್ ಬೇಕು ಅನ್ನುತ್ತಿತ್ತು, ಎರಡಕ್ಕೂ ಸೇರಿದ್ದು ಒಂದೂ ಇಲ್ಲ. ಒಳಗೂ ಹೊರಗೂ ಒಂದೇ ಸೆಟ್ ಬರೆದ ಮೇಲೆ ಅಂಕಿ ಬಂತು.

ಬೇರೆ ಸಾಫ್ಟ್‌ವೇರ್ ಬಳಸುವವರಿಗೂ ಈ ಪ್ರಕರಣ ಹೊಸದಲ್ಲ, ಜಾರುವ ಜಾಗ ಮಾತ್ರ ಬೇರೆ. ಟ್ಯಾಬ್ಲೋದಲ್ಲಿ ಆವರೇಜ್ ಒಳಗೆ ಸಮ್ ಬರೆದರೆ, ಇದು ಆಗಲೇ ಅಗ್ರಿಗೇಟ್ ಆಗಿದೆ, ಮತ್ತೆ ಮಾಡಲು ಆಗುವುದಿಲ್ಲ ಅನ್ನುತ್ತದೆ. ಅದಕ್ಕೆ 2015ರಲ್ಲಿ ಬಂದ 9.0 ಆವೃತ್ತಿಯಿಂದ ಎಲ್‌ಒಡಿ ಎಕ್ಸ್‌ಪ್ರೆಶನ್‌ಗಳಿವೆ (ಲೆಕ್ಕ ಯಾವ ಮಟ್ಟದಲ್ಲಿ ಆಗಬೇಕು ಅಂತ ಹೇಳುವ ಫಾರ್ಮುಲಾಗಳು): ಫಿಕ್ಸ್ಡ್, ಇನ್‌ಕ್ಲೂಡ್, ಎಕ್ಸ್‌ಕ್ಲೂಡ್. ಫಿಕ್ಸ್ಡ್ ಟಿಕೆಟ್ ಅಂತ ಬರೆದು ಒಳಗೆ ಸಮ್, ಹೊರಗೆ ಆವರೇಜ್. ಆದರೆ ಫಿಕ್ಸ್ಡ್ ಮಾಮೂಲಿ ಡೈಮೆನ್ಷನ್ ಫಿಲ್ಟರ್‌ಗಿಂತ ಮೊದಲೇ ಲೆಕ್ಕವಾಗಿಬಿಡುತ್ತದೆ. ನಮ್ಮ ತಿಂಗಳ ಸಮಸ್ಯೆ ಅಲ್ಲಿ ಉಲ್ಟಾ, ತಿಂಗಳು ಆರಿಸಿದರೂ ಟಿಕೆಟ್‌ನ ಮೊತ್ತದಲ್ಲಿ ಎಲ್ಲ ತಿಂಗಳ ನಿಮಿಷವೂ ಇರುತ್ತದೆ. 45 ನಿಮಿಷದ ಲೆಕ್ಕಕ್ಕೆ ಅದು ಅನುಕೂಲವೇ. ಫಿಲ್ಟರ್ ಒಳಗಿನ ಲೆಕ್ಕಕ್ಕೂ ತಟ್ಟಬೇಕು ಅಂದರೆ ಅದನ್ನು ಫಿಕ್ಸ್ಡ್‌ಗಿಂತ ಮೊದಲು ನಡೆಯುವ ಕಾಂಟೆಕ್ಸ್ಟ್ ಫಿಲ್ಟರ್ ಮಾಡಬೇಕು, ಅಥವಾ ಫಿಲ್ಟರ್ ಆದ ಮೇಲೆ ಲೆಕ್ಕವಾಗುವ ಇನ್‌ಕ್ಲೂಡ್ ಬಳಸಬೇಕು.

ಪವರ್ ಬಿಐಯಲ್ಲಿ ಇದೇ ಲೆಕ್ಕ ಹೀಗೆ:

ಆವರೇಜ್‌ಎಕ್ಸ್(ವ್ಯಾಲ್ಯೂಸ್(ಟಿಕೆಟ್), ಕ್ಯಾಲ್ಕ್ಯುಲೇಟ್(ಸಮ್(ನಿಮಿಷ)))

ಇಲ್ಲಿ ಜೀವ ಇರುವುದು ಕ್ಯಾಲ್ಕ್ಯುಲೇಟ್‌ನಲ್ಲಿ. ಆವರೇಜ್‌ಎಕ್ಸ್ ಒಂದೊಂದು ಟಿಕೆಟ್ ಮೇಲೂ ಹೋಗುತ್ತದೆ ನಿಜ, ಆದರೆ ಈಗ ಯಾವ ಟಿಕೆಟ್ ಮೇಲಿದ್ದೇನೆ ಅನ್ನುವುದನ್ನು ಸಮ್‌ಗೆ ಫಿಲ್ಟರ್ ಆಗಿ ಮುಟ್ಟಿಸುವುದು ಕ್ಯಾಲ್ಕ್ಯುಲೇಟ್. ಅದನ್ನು ಮರೆತರೆ ಎರಡನೇ ತಂಡದ ಐದೂ ಟಿಕೆಟ್‌ಗೂ ಸಮ್ 180 ಅನ್ನುತ್ತದೆ, ಸರಾಸರಿಯೂ 180. ಅದೇ ಮರೆವಿನಲ್ಲಿ 45 ದಾಟಿದ ಟಿಕೆಟ್ ಎಣಿಸಿದರೆ ಸೊನ್ನೆ ಬರಬೇಕಾದ ಕಡೆ 5 ಬರುತ್ತದೆ. ಸಮ್ ಅನ್ನು ಮೊದಲೇ ಒಂದು ಮೆಷರ್ ಮಾಡಿ ಅದರ ಹೆಸರು ಬರೆದರೆ ಕ್ಯಾಲ್ಕ್ಯುಲೇಟ್ ತಾನಾಗಿ ಸೇರಿಕೊಳ್ಳುತ್ತದೆ, ಆದ್ದರಿಂದ ಒಬ್ಬರ ಫೈಲ್‌ನಲ್ಲಿ ಸರಿ ಬಂದದ್ದು ಇನ್ನೊಬ್ಬರ ಫೈಲ್‌ನಲ್ಲಿ ತಪ್ಪು ಬರುತ್ತದೆ. ಇಬ್ಬರೂ ಒಂದೇ ಫಾರ್ಮುಲಾ ಬರೆದಿದ್ದೇವೆ ಅಂತಲೇ ಅಂದುಕೊಂಡಿರುತ್ತಾರೆ.

ನಮ್ಮ ಪುಟಕ್ಕೆ ವಾಪಸ್ ಬರುತ್ತೇನೆ. ಎಲ್ಲ ಅಂಕಿಗೂ ಅಗ್ರ್ ಹಾಕಿದ ಮೇಲೆ ಪುಟ ಭಾರವಾಯಿತು. ಯಾವ ಫಿಲ್ಟರ್ ಮುಟ್ಟಿದರೂ ಆ ಕಾಣದ ಟೇಬಲ್‌ಗಳು ಹೊಸದಾಗಿ ಹುಟ್ಟಬೇಕು. ವರ್ಷದ ಡೇಟಾ ಆರಿಸಿದರೆ ಕಾಯುವುದು ಗೊತ್ತಾಗುತ್ತಿತ್ತು. ಹಾಗಾಗಿ ಟಿಕೆಟ್ ಮಟ್ಟದ ಮೊತ್ತವನ್ನು ಲೋಡ್ ಸ್ಕ್ರಿಪ್ಟ್‌ನಲ್ಲೇ ಗ್ರೂಪ್ ಬೈ ಮಾಡಿ ಬೇರೆ ಟೇಬಲ್‌ನಲ್ಲಿಟ್ಟೆವು, ಒಂದು ಟಿಕೆಟ್‌ಗೆ ಒಂದೇ ಸಾಲು, ಜೊತೆಗೆ ಮುಗಿದ ತಿಂಗಳು. 45 ದಾಟಿದ್ದು, ಮೀಡಿಯನ್, ಅತಿ ಹೆಚ್ಚು, ಮೂರೂ ಈಗ ಸಾದಾ ಫಾರ್ಮುಲಾಗಳು. ಓದಿದರೆ ಯಾರಿಗಾದರೂ ಅರ್ಥವಾಗುತ್ತವೆ.

ಎಲ್ಲವನ್ನೂ ಹಾಗೆ ಮೊದಲೇ ಲೆಕ್ಕ ಹಾಕಿಡಲು ಬರುವುದಿಲ್ಲ. ಫೋನ್ ಕೆಲಸ ಮಾತ್ರ, ಮೇಲ್ ಕೆಲಸ ಮಾತ್ರ ಅಂತ ಎಂಟ್ರಿಯ ಬಗೆ ಆರಿಸಿ ನೋಡುವ ಒಂದು ಪುಟವಿದೆ. ಸ್ಕ್ರಿಪ್ಟ್‌ನಲ್ಲಿ ಕೂಡಿಸಿಟ್ಟ 60 ಆ ಫಿಲ್ಟರ್‌ಗೆ ಬದಲಾಗುವುದಿಲ್ಲ, ಅದು ಎಲ್ಲ ಬಗೆಯ ಕೆಲಸ ಸೇರಿದ 60 ಆಗಿಯೇ ಉಳಿಯುತ್ತದೆ. ಅಲ್ಲಿ ಅಗ್ರ್ ಹಾಗೇ ಇದೆ, ಟಿಕೆಟ್ ಮತ್ತು ತಂಡ ಎರಡೂ ಡೈಮೆನ್ಷನ್ ಜೊತೆಗೆ. ಸ್ವಲ್ಪ ಕಾಯಬೇಕಾಗುತ್ತದೆ, ಕಾಯುತ್ತೇವೆ.

ತಲೆಬರಹಗಳನ್ನೂ ಬದಲಿಸಿದೆವು. ‘ಸರಾಸರಿ ಸಮಯ’ ಹೋಗಿ ‘ಒಂದು ಟಿಕೆಟ್‌ಗೆ ಸರಾಸರಿ ಎಷ್ಟು ನಿಮಿಷ’ ಬಂತು. ತಂಡದ ಚಾರ್ಟ್ ಮೇಲೆ ‘ಒಂದು ಟಿಕೆಟ್‌ನಲ್ಲಿ ಈ ತಂಡದ ಪಾಲಿನ ನಿಮಿಷ’. ಉದ್ದವಾಯಿತು, ಚಾರ್ಟ್ ಮೇಲೆ ಎರಡು ಸಾಲು ಹಿಡಿಯುತ್ತದೆ, ಆದರೂ ನಾನು ಬಿಟ್ಟುಕೊಡಲಿಲ್ಲ. ಕೆಂಪು ಹಸಿರು ಬಣ್ಣಗಳನ್ನು ತಂಡದ ಚಾರ್ಟ್‌ನಿಂದ ತೆಗೆದೆವು, 45 ನಿಮಿಷದ ಅಂಕಿಗೆ ಮಾತ್ರ ಉಳಿಸಿಕೊಂಡೆವು.

ಹಿಂದಿನ ಮೂರು ತಿಂಗಳ ವರದಿಗಳನ್ನು ಹೊಸ ಲೆಕ್ಕದಲ್ಲಿ ತೆಗೆದು, ಹಳೆಯ ಅಂಕಿ ಹೊಸ ಅಂಕಿ ಪಕ್ಕಪಕ್ಕ ಇಟ್ಟು, ಮೊದಲು ಯಾರಿಗೆಲ್ಲ ಹೋಗಿತ್ತೋ ಅವರಿಗೆಲ್ಲ ಮತ್ತೆ ಕಳಿಸಿದೆವು. ಮೊದಲ ಸಾಲಿನಲ್ಲೇ ಹೀಗೆ ಬರೆದೆ: ‘ಹಿಂದಿನ ವರದಿಯಲ್ಲಿ ಎಂಟ್ರಿಗಳ ಸರಾಸರಿಯನ್ನು ಟಿಕೆಟ್‌ಗಳ ಸರಾಸರಿ ಎಂದು ತೋರಿಸಲಾಗಿತ್ತು. ಎರಡನೇ ತಂಡದ ಬಗ್ಗೆ ಅದರಿಂದ ಬಂದ ಅಭಿಪ್ರಾಯ ತಪ್ಪು.’ ಕಳಿಸುವ ಮೊದಲು ಅದನ್ನು ಆ ಮುಖ್ಯಸ್ಥೆಗೆ ತೋರಿಸಿದೆ. ಅವರು ಎರಡು ಸಲ ಓದಿದರು. “ಮೂರು ತಿಂಗಳು ಅಂತಲೂ ಸೇರಿಸಿ ಸರ್” ಅಂದರು. ಸೇರಿಸಿದೆ.